ಕೊಳ್ಳುವ ಕೊಳಗ, ಕೊಡುವ ಕೊಳಗ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಬದುಕಿಡೀ ಸರ್ಕಾರಿ ಗುಮಾಸ್ತರಾಗಿದ್ದವರು. ತಮ್ಮ ಬಗ್ಗೆ ಭಾಷಣ ಬೇಡ, ಕಚೇರಿಯ ಬಗ್ಗೆ ಬೇಕಾದರೆ ಮಾಡಿ ಎಂದು ದತ್ತಿ ಪತ್ರದಲ್ಲೇ ಬರೆಸಿದ್ದಾರಂತೆ. ಅವರ ಮಾತು ಉಳಿಸಿಕೊಂಡು ಕಚೇರಿಯ ಬಗ್ಗೆಯೇ ಮಾತಾಡುತ್ತೇನೆ. ಆದರೆ ಶುರು ಮಾಡುವುದು ನಮ್ಮಜ್ಜನಿಂದ.

ನಮ್ಮಜ್ಜ ಗೇಣಿ ಒಕ್ಕಲು. ಸುಗ್ಗಿ ಮುಗಿದ ಮೇಲೆ ಒಡೆಯರ ಮನೆಗೆ ಗಾಡಿಯಲ್ಲಿ ಭತ್ತ ಹೊಡೆದುಕೊಂಡು ಹೋಗಿ ಅಳೆದು ಕೊಡಬೇಕು. ಆ ಮನೆಯ ಪಡಸಾಲೆಯಲ್ಲಿ ಎರಡು ಕೊಳಗ ಇದ್ದವಂತೆ. ಕಣ್ಣಿಗೆ ಎರಡೂ ಒಂದೇ. ಅದೇ ಹಲಸಿನ ಮರ, ಅದೇ ಕಬ್ಬಿಣದ ಪಟ್ಟಿ. ಗೇಣಿ ತೆಗೆದುಕೊಳ್ಳುವಾಗ ಹೊರಗೆ ಬರುತ್ತಿದ್ದದ್ದು ಒಂದು, ಮಳೆಗಾಲದಲ್ಲಿ ಊಟಕ್ಕೋ ಬಿತ್ತನೆಗೋ ಭತ್ತ ಸಾಲ ಕೊಡುವಾಗ ಬರುತ್ತಿದ್ದದ್ದು ಇನ್ನೊಂದು. ಮೊದಲನೆಯದರ ತಳ ಕೊಂಚ ಆಳ. ಅದರ ಮೇಲೆ, ಕೊಳ್ಳುವಾಗ ಗೋಪುರ ಬರುವ ಹಾಗೆ ತುಂಬುವುದು, ಕೊಡುವಾಗ ಕೋಲಿನಿಂದ ತಲೆ ಸವರುವುದು. ಅಜ್ಜ ಇದನ್ನು ಹೇಳುವಾಗ ಒಡೆಯರು ಮೋಸಗಾರರು ಎಂದು ಒಂದು ದಿನವೂ ಅನ್ನಲಿಲ್ಲ. "ಲೆಕ್ಕ ಸರಿಯಾಗೇ ಇರ್ತಿತ್ತಪ್ಪ. ಕೊಳಗ ಅವರ್ದು" ಅನ್ನುತ್ತಿದ್ದ.

ಇವತ್ತಿನ ನನ್ನ ವಿಷಯ ಇಷ್ಟೇ. ಸರ್ಕಾರ ಜನರಿಗೆ ಎಷ್ಟು ತೆರೆದಿದೆ ಎಂದು ಅಳೆದು, ದೇಶಗಳನ್ನೂ ರಾಜ್ಯಗಳನ್ನೂ ಜಿಲ್ಲೆಗಳನ್ನೂ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುತ್ತಾರಲ್ಲ, ಆ ಕೊಳಗ ಯಾರದು? ಅದು ಕಚೇರಿಯ ಕೌಂಟರಿನ ಒಳಗಡೆ ಇದೆಯೋ, ಹೊರಗಡೆ ಇದೆಯೋ?

2011ರ ಸೆಪ್ಟೆಂಬರ್ 28ರಂದು ಅಂಥ ಒಂದು ಪಟ್ಟಿ ಹೊರಬಿತ್ತು. ಸ್ಪೇನಿನ ಮ್ಯಾಡ್ರಿಡ್‌ನ ಆಕ್ಸೆಸ್ ಇನ್ಫೋ ಯುರೋಪ್ ಮತ್ತು ಕೆನಡಾದ ಸೆಂಟರ್ ಫಾರ್ ಲಾ ಅಂಡ್ ಡೆಮಾಕ್ರಸಿ ಎಂಬ ಎರಡು ಸಂಸ್ಥೆಗಳು 89 ದೇಶಗಳ ಮಾಹಿತಿ ಹಕ್ಕಿನ ಕಾನೂನುಗಳನ್ನು ಮುಂದಿಟ್ಟುಕೊಂಡು, ಸುಮಾರು 60 ಸೂಚಕಗಳ ಮೇಲೆ, 150 ಅಂಕಗಳಿಗೆ ಮೌಲ್ಯಮಾಪನ ಮಾಡಿದವು. ಸರ್ಬಿಯಾ ಮೊದಲು ಬಂತು. ಭಾರತ ಮೊದಲ ಮೂರರೊಳಗಿತ್ತು. ನಮಗೆ ಹಿಗ್ಗು. ರ‍್ಯಾಂಕ್ ಎಂದರೆ ಸಿಹಿ ಹಂಚುವ ಜನ ನಾವು.

ಏಳು ವರ್ಷ ಕಳೆದು 2018ರಲ್ಲಿ ನೋಡಿದರೆ ಭಾರತ ಆರನೆಯ ಸ್ಥಾನಕ್ಕೆ ಇಳಿದಿತ್ತು. "ಮಾಹಿತಿ ಹಕ್ಕಿನಲ್ಲಿ ಭಾರತ ಹಿಂದಕ್ಕೆ" ಎಂಬ ಧಾಟಿಯಲ್ಲಿ ಸುದ್ದಿ ಬಂತು. ಆ ಏಳು ವರ್ಷದಲ್ಲಿ ಸಂಸತ್ತು ನಮ್ಮ 2005ರ ಕಾಯ್ದೆಯನ್ನು ತಿದ್ದಿರಲಿಲ್ಲ. ಬದಲಾದದ್ದು ಬೇರೆಯವರು. ಒಂದೊಂದೇ ದೇಶ ನಮ್ಮದಕ್ಕಿಂತ ಚೆಂದದ ಕಾನೂನು ಬರೆದುಕೊಂಡು ನಮ್ಮನ್ನು ದಾಟಿಹೋಗಿತ್ತು. ಹಾಗೆ ದಾಟಿ ಆ ವರ್ಷ 139 ಅಂಕ ಪಡೆದು ಪ್ರಪಂಚಕ್ಕೇ ಮೊದಲನೆಯದಾದ ದೇಶ ಯಾವುದು ಗೊತ್ತೆ? ಅಫ್ಘಾನಿಸ್ತಾನ.

ನಗಬೇಡಿ. ಆ ಕಾನೂನು ನಿಜವಾಗಿ ಒಳ್ಳೆಯ ಕಾನೂನೇ ಆಗಿತ್ತು. ಅದನ್ನು ಬರೆಯಲು ಕಾಬೂಲಿನ ಪತ್ರಕರ್ತರೂ ವಕೀಲರೂ ಜೀವ ಕೈಯಲ್ಲಿ ಹಿಡಿದು ಓಡಾಡಿದ್ದಾರೆ. ಪರೀಕ್ಷಕರು ಕೊಟ್ಟ ಅಂಕದಲ್ಲೂ ತಪ್ಪಿರಲಿಲ್ಲ. ಅವರು ಕಾಗದದ ಮೇಲಿದ್ದುದನ್ನು ಓದಿದರು, ಅಂಕ ಹಾಕಿದರು. ಅದೇ ಪಟ್ಟಿಯಲ್ಲಿ ಸ್ವೀಡನ್ ನಮಗಿಂತ ಎಷ್ಟೋ ಮೆಟ್ಟಿಲು ಕೆಳಗೆ. 1766ರಲ್ಲಿ, ಇಲ್ಲಿ ಹೈದರಾಲಿ ಆಳುತ್ತಿದ್ದಾಗ, ಆಂಡರ್ಸ್ ಶಿಡೇನಿಯಸ್ ಎಂಬ ಪಾದ್ರಿಯ ಹಟದಿಂದಾಗಿ ಸರ್ಕಾರದ ಕಡತ ಪ್ರಜೆಯೂ ನೋಡಬಹುದು ಎಂದು ಕಾನೂನು ಮಾಡಿಕೊಂಡ ದೇಶ ಅದು. ಜರ್ಮನಿ ಇನ್ನೂ ಕೆಳಗೆ. ತಳದಲ್ಲಿ ವರ್ಷಗಟ್ಟಲೆ ಕೂತಿದ್ದದ್ದು ಆಸ್ಟ್ರಿಯಾ, ಅಧಿಕಾರಿಗಳ ಗೋಪ್ಯತೆಯನ್ನು ಸಂವಿಧಾನದಲ್ಲೇ ಬರೆದಿಟ್ಟುಕೊಂಡಿದ್ದ ದೇಶ. ಆಸ್ಟ್ರಿಯಾಕ್ಕೆ ಆ ಕೊನೆಯ ಸ್ಥಾನದಿಂದ ಲಾಭವೇ ಆಯಿತು ಅನ್ನಬೇಕು. ಅಲ್ಲಿನ ಹೋರಾಟಗಾರರಿಗೆ "ನಾವೇ ಕಡೆಯವರು" ಎಂದು ಸರ್ಕಾರವನ್ನು ಚುಚ್ಚಲು ಒಂದು ಮುಳ್ಳು ಸಿಕ್ಕಿತು. 2025ರ ಸೆಪ್ಟೆಂಬರ್ 1ರಿಂದ ಅಲ್ಲೂ ಮಾಹಿತಿ ಕಾಯ್ದೆ ಜಾರಿಗೆ ಬಂದಿದೆ.

ಪಟ್ಟಿ ಮಾಡಿದವರನ್ನು ನಾನು ದೂರುತ್ತಿಲ್ಲ. ತಾವು ಅಳೆಯುವುದು ಕಾನೂನಿನ ಬರಹವನ್ನು, ಅದರ ಪಾಲನೆಯನ್ನಲ್ಲ ಎಂದು ಅವರು ಮೊದಲ ದಿನದಿಂದ ಹೇಳಿಕೊಂಡೇ ಬಂದಿದ್ದಾರೆ. ಆದರೆ ಪತ್ರಿಕೆಯ ತಲೆಬರಹದಲ್ಲಿ ಆ ಮಾತಿಗೆ ಜಾಗವಿಲ್ಲ, ಮಂತ್ರಿಗಳ ಭಾಷಣದಲ್ಲಂತೂ ಇಲ್ಲವೇ ಇಲ್ಲ. ಬರಹವನ್ನು ಅಳೆದ ಅಂಕ ದಾರಿಯಲ್ಲಿ ಬರುತ್ತ ಬರುತ್ತ ಬದುಕನ್ನು ಅಳೆದ ಅಂಕವಾಗಿಬಿಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಆ 150ರಲ್ಲಿ 30 ಅಂಕ ಮೇಲ್ಮನವಿಯ ಏರ್ಪಾಡಿಗೆ. ಅರ್ಜಿ ತಿರಸ್ಕಾರವಾದರೆ ಹೋಗಲು ಸ್ವತಂತ್ರ ಆಯೋಗ ಉಂಟೆ, ಅದರ ಆದೇಶಕ್ಕೆ ಹಲ್ಲು ಉಂಟೆ, ಇಂಥವು. ನಮ್ಮ ಕಾಯ್ದೆಯಲ್ಲಿ ಉಂಟು, ಅಂಕವೂ ಚೆನ್ನಾಗಿ ಬಂದಿದೆ. ಈಗ ಜಾರ್ಖಂಡಿನ ಕಥೆ ನೋಡಿ. 2020ರ ಮೇ ತಿಂಗಳಿಂದ ಅಲ್ಲಿನ ಮಾಹಿತಿ ಆಯೋಗದಲ್ಲಿ ಆಯುಕ್ತರೇ ಇಲ್ಲದೆ ವರ್ಷಗಟ್ಟಲೆ ಕೆಲಸ ನಿಂತಿತು. ಕಟ್ಟಡ ಇತ್ತು, ಫಲಕ ಇತ್ತು, ಕೂತು ಕೇಳುವವರಿರಲಿಲ್ಲ. ಕಾನೂನಿನ ಅಂಕ ಅದರಿಂದ ಅರ್ಧವೂ ಕಡಿಮೆಯಾಗುವುದಿಲ್ಲ, ಏಕೆಂದರೆ ಖಾಲಿ ಕುರ್ಚಿ ಕಾನೂನಿನಲ್ಲಿ ಬರೆದಿಲ್ಲ.

ಈ ಖಾಲಿ ಕುರ್ಚಿಗಳನ್ನು ಎಣಿಸಿದವರು ದೆಹಲಿಯ ಸತರ್ಕ್ ನಾಗರಿಕ್ ಸಂಘಟನ್‌ನವರು. ಅವರ ದಾರಿ ನನಗೆ ಬಹಳ ಇಷ್ಟ. ದೇಶದ 29 ಆಯೋಗಗಳಿಗೂ ಮಾಹಿತಿ ಹಕ್ಕಿನಡಿಯಲ್ಲೇ ಅರ್ಜಿ ಹಾಕಿ, "ನಿಮ್ಮಲ್ಲಿ ಎಷ್ಟು ಬಾಕಿ ಇದೆ" ಎಂದು ಕೇಳುತ್ತಾರೆ. ಮಾಹಿತಿ ಕೊಡಿಸಬೇಕಾದವರೇ ಮಾಹಿತಿ ಕೊಡುತ್ತಾರೋ ಇಲ್ಲವೋ, ಅದೂ ಅಲ್ಲೇ ಗೊತ್ತಾಗಿಬಿಡುತ್ತದೆ. ಅವರ ಲೆಕ್ಕದಲ್ಲಿ 2024ರ ಜೂನ್ 30ಕ್ಕೆ ದೇಶದಲ್ಲಿ ಬಾಕಿ ಇದ್ದ ಮೇಲ್ಮನವಿ ಮತ್ತು ದೂರುಗಳು 4 ಲಕ್ಷ 5 ಸಾವಿರ ದಾಟಿದ್ದವು. ಕರ್ನಾಟಕದ್ದು 2023ರಲ್ಲೇ 40 ಸಾವಿರ ಮೀರಿತ್ತು. ಕಾಯ್ದೆ ಮಾಹಿತಿ ಅಧಿಕಾರಿಗೆ ಕೊಟ್ಟಿರುವುದು 30 ದಿನ. ಆಯೋಗದ ಬಾಗಿಲಲ್ಲಿ ಕಾಯುವವನಿಗೆ ಲೆಕ್ಕ ದಿನದಲ್ಲಿಲ್ಲ, ವರ್ಷದಲ್ಲಿದೆ.

ಒಂದು ನ್ಯಾಯದ ಮಾತೂ ಹೇಳಬೇಕು. ಕಾಗದ ಅಳೆಯುವ ಕೊಳಗಕ್ಕೂ ಅದರ ಹೊತ್ತು ಬರುತ್ತದೆ. 2019ರಲ್ಲಿ ಆಯುಕ್ತರ ಅವಧಿ ಮತ್ತು ಸಂಬಳವನ್ನು ಕಾಯ್ದೆಯಿಂದ ಎತ್ತಿ ಕೇಂದ್ರ ಸರ್ಕಾರದ ಕೈಗೆ ಕೊಟ್ಟರು. ಐದು ವರ್ಷ ಇದ್ದದ್ದು ನಿಯಮದಲ್ಲಿ ಮೂರಾಯಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಎಂಟನೆಯ ಸೆಕ್ಷನ್ನಿಗೇ ಕೈ ಹಾಕಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಇಲ್ಲವೆ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವಿವರವಾದರೆ ಮಾತ್ರ ಕೊಡದಿರಬಹುದಿತ್ತು. ಆ ಷರತ್ತುಗಳೆಲ್ಲ ಹೋಗಿ 'ವೈಯಕ್ತಿಕ ಮಾಹಿತಿ' ಎಂಬ ಎರಡು ಪದ ಉಳಿದವು. 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಯಾರ ಹೆಸರಿಗೆ ಮನೆ ಮಂಜೂರಾಯಿತು, ಯಾರ ಹೆಸರಲ್ಲಿ ಕೂಲಿ ಎತ್ತಿದ್ದಾರೆ ಎಂದು ಕೇಳಿದರೆ ಅಲ್ಲೆಲ್ಲ ಹೆಸರಿದೆ, ಹೆಸರೆಂದರೆ ವೈಯಕ್ತಿಕ. ಹೀಗೆ ಬರಹವನ್ನೇ ಕತ್ತರಿಸಿದಾಗ ಬರಹ ಅಳೆಯುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಅಷ್ಟರ ಮಟ್ಟಿಗೆ ಅವರು ಬೇಕು.

ಇನ್ನೊಂದು ಪಟ್ಟಿ ಇತ್ತು, ಅದರ ಜಗಳ ಇನ್ನೂ ಸ್ವಾರಸ್ಯದ್ದು. ಬ್ರಿಟನ್ನಿನ ಓಪನ್ ನಾಲೆಡ್ಜ್ ಸಂಸ್ಥೆ 2013ರಿಂದ 'ಗ್ಲೋಬಲ್ ಓಪನ್ ಡೇಟಾ ಇಂಡೆಕ್ಸ್' ತಂದಿತು. ಅದು ಕಾನೂನನ್ನು ಬಿಟ್ಟು ದತ್ತಾಂಶವನ್ನು ನೋಡುತ್ತಿತ್ತು. ಬಜೆಟ್ಟು, ಚುನಾವಣಾ ಫಲಿತಾಂಶ, ಭೂಪಟ, ಕಂಪನಿಗಳ ನೋಂದಣಿ ಇಂಥವನ್ನೆಲ್ಲ ಸರ್ಕಾರ ಜಾಲತಾಣದಲ್ಲಿ ಹೇಗೆ ಇಟ್ಟಿದೆ ಎಂದು ಊರೂರಿನ ಸ್ವಯಂಸೇವಕರು ಹುಡುಕಿ ಉತ್ತರ ತುಂಬುತ್ತಿದ್ದರು. ಮೊದಲು ಬ್ರಿಟನ್ ಮುಂದಿತ್ತು, 2015ರಲ್ಲಿ ತೈವಾನ್ ಮೇಲಕ್ಕೆ ಬಂತು. ತೈವಾನನ್ನು ದೇಶ ಎನ್ನುವುದೇ ರಾಜಕೀಯವಾದ್ದರಿಂದ ಪಟ್ಟಿಯವರು 'ದೇಶಗಳು' ಎನ್ನದೆ ಜಾಣತನದಿಂದ 'ಸ್ಥಳಗಳು' ಎಂದರು. ಅಳತೆಗೆ ಮೊದಲು ಹೆಸರಿನಲ್ಲೇ ಜಗಳ ನೋಡಿ.

ಅದರ ಅಂಕಗಳ ಹಂಚಿಕೆ ಹೀಗಿತ್ತು. ಒಂದೊಂದು ದತ್ತಾಂಶಕ್ಕೆ ಒಟ್ಟು ನೂರು ಅಂಕ, ಅದರಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ. ಅದು ಇದೆಯೆ ಎಂಬುದಕ್ಕೆ 5. ಉಚಿತವೆ, 15. ಕಂಪ್ಯೂಟರು ಓದುವಂತಿದೆಯೆ, 15. ಹೊಸದೆ, ಸಕಾಲಕ್ಕೆ ಬಂದಿದೆಯೆ, 10. ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿ ಇದೆಯೆ, 30. ಮೂರು ವರ್ಷ ಹಳೆಯ ಅಂಕಿಅಂಶಕ್ಕೆ ಒಳ್ಳೆಯ ಪರವಾನಗಿಯ ಚೀಟಿ ಅಂಟಿಸಿದರೆ, ಪರವಾನಗಿ ಇಲ್ಲದ ನಿನ್ನೆಯ ಬಿಸಿ ಅಂಕಿಅಂಶಕ್ಕಿಂತ ಅದಕ್ಕೇ ಅಂಕ ಜಾಸ್ತಿ. ಹೀಗೆ ಅಂಕ ಹಾಕಿದವರಿಗೆ ಕಾರಣವಿತ್ತು. ಪರವಾನಗಿ ಇಲ್ಲದ ದತ್ತಾಂಶವನ್ನು ನಾಳೆ ಸರ್ಕಾರ ಕಿತ್ತುಕೊಳ್ಳಬಹುದು, ಅದರ ಮೇಲೆ ಯಾರೂ ಏನೂ ಕಟ್ಟಲಾಗದು ಎಂದು. ಆದರೆ ಈ 30 ಎಂಬುದು ಆಕಾಶದಿಂದ ಬಿದ್ದದ್ದಲ್ಲ. ಯಾವುದೋ ಮೇಜಿನ ಸುತ್ತ ಕೂತ ಒಂದಿಷ್ಟು ಜನ ತಮಗೆ ಮುಖ್ಯವಾದದ್ದಕ್ಕೆ ಹಾಕಿದ ತೂಕ ಅದು. ಆ ಮೇಜಿನಲ್ಲಿ ತಂತ್ರಾಂಶ ಬರೆಯುವವರಿದ್ದರು. ನಮ್ಮಜ್ಜನಂಥವರು ಇರಲಿಲ್ಲ.

ಇದ್ದಿದ್ದರೆ ಒಂದು ಪ್ರಶ್ನೆ ಖಂಡಿತ ಬರುತ್ತಿತ್ತು. ಯಾವ ಭಾಷೆಯಲ್ಲಿದೆ? ಅಂಕ ಬರುವ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ನಮ್ಮ ಕಾಯ್ದೆಯ ನಾಲ್ಕನೆಯ ಸೆಕ್ಷನ್, ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಅದೇ ಸೆಕ್ಷನ್ನಿನಡಿ ಪ್ರತಿ ಕಚೇರಿಯೂ ಹದಿನೇಳು ಬಾಬಿನ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಕಚೇರಿಗಳಲ್ಲಿ ಅದನ್ನು 'ಫೋರ್ ಒನ್ ಬಿ' ಅನ್ನುತ್ತಾರೆ, ಅದೇನೋ ಬಸ್ಸಿನ ನಂಬರಿನ ಹಾಗೆ. ಒಮ್ಮೆ ಒಂದು ಇಲಾಖೆಯ ಫೋರ್ ಒನ್ ಬಿ ತೆರೆದು ಕೂತೆ. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ಅದನ್ನು ಕಾಗದಕ್ಕೆ ಮುದ್ರಿಸಿ, ಸಹಿ ಹಾಕಿ ಮೊಹರು ಒತ್ತಿ, ಆ ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡಿ ಏರಿಸಿದ್ದರು. ಕೆಲವು ಪುಟ ಅಡ್ಡಕ್ಕೆ ಮಲಗಿದ್ದವು, ಕುತ್ತಿಗೆ ವಾಲಿಸಿ ಓದಬೇಕು. ಸ್ಕ್ಯಾನ್ ಮಾಡದೆ ಉಳಿದ ನಾಲ್ಕಾರು ಪುಟ ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿದ್ದವು. ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿದೆ. ಇಂಗ್ಲಿಷ್ ಅಕ್ಷರ, ಒತ್ತು ಗುರುತು, ಪ್ರಶ್ನಾರ್ಥಕ, ಡಾಲರು ಎಲ್ಲ ಬೆರೆತ ಒಂದು ಗೊಜ್ಜು ಬಂತು. ಹುಡುಕುವ ಪೆಟ್ಟಿಗೆಯಲ್ಲಿ 'ಗುತ್ತಿಗೆ' ಎಂದು ಕನ್ನಡದಲ್ಲಿ ಹಾಕಿದರೆ ಫಲಿತಾಂಶ ಸೊನ್ನೆ. ಪುಟದಲ್ಲಿ ನನ್ನ ಕಣ್ಣೆದುರಿಗೇ ಗುತ್ತಿಗೆ ಎಂದು ಬರೆದಿದೆ. ಅಕ್ಷರ ಕಾಣುತ್ತದೆ, ಆದರೆ ಸಿಗುವುದಿಲ್ಲ. ದೂರದಲ್ಲಿ ಕೂತು ಅಂಕ ಕೂಡಿಸುವ ಪರೀಕ್ಷಕನಿಗೆ ಈ ಸಂಕಟ ತಿಳಿಯುವ ಮಾರ್ಗವೇ ಇಲ್ಲ.

ಆ ಇಂಡೆಕ್ಸ್‌ನವರು ಮಾಡಿದ ಒಂದು ಕೆಲಸಕ್ಕೆ ಮಾತ್ರ ತಲೆಬಾಗುತ್ತೇನೆ. 2016-17ರ ಆವೃತ್ತಿಯಲ್ಲಿ ಫಲಿತಾಂಶವನ್ನು ಮುಂದಿಟ್ಟು, ತಕರಾರಿದ್ದರೆ ಎಲ್ಲರೆದುರಿಗೇ ಹೇಳಿ ಎಂದು ಸರ್ಕಾರಗಳನ್ನೂ ಜನರನ್ನೂ ಕರೆದರು. ಕೊಳಗವನ್ನು ಪಡಸಾಲೆಯಿಂದ ಬೀದಿಗೆ ತಂದು, ತಳ ಮುಟ್ಟಿ ನೋಡಿ ಎಂದ ಹಾಗೆ. ನನ್ನ ಮಟ್ಟಿಗೆ ಆ ಪಟ್ಟಿಯಲ್ಲಿ ತೈವಾನಿನ ಮೊದಲ ಸ್ಥಾನಕ್ಕಿಂತ ಆ ತಕರಾರಿನ ಪುಟಗಳೇ ಹೆಚ್ಚು ಬೆಲೆಯವು.

ಇನ್ನು ಮನೆಗೆ ಬರೋಣ.

ಬೆಂಗಳೂರಿನಲ್ಲಿ ಒಂದು ಕಾಲದಲ್ಲಿ ರಾತ್ರಿ ಹೊತ್ತು ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು, ಹಿರಿಯರಿಗೆ ನೆನಪಿರಬಹುದು. ದೆವ್ವ ಓದಿಕೊಂಡು ಹಿಂದೆ ಹೋಗುತ್ತಿತ್ತಂತೆ. ನಮ್ಮ ಕಚೇರಿಗಳು ಈ ಮಂತ್ರವನ್ನು ಗೋಡೆಗೆ ಬರೆಯದೆಯೇ ಎಷ್ಟೋ ಕಾಲದಿಂದ ಬಳಸುತ್ತಿದ್ದವು. ಅದನ್ನು ಮುರಿಯಲೆಂದೇ 2012ರ ಏಪ್ರಿಲ್ 2ರಂದು ಕರ್ನಾಟಕ 'ಸಕಾಲ' ಎಂಬ ಕಾಯ್ದೆಯನ್ನು ಜಾರಿಗೆ ತಂದಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಒಂದು ಸಂಖ್ಯೆ, ಇಷ್ಟು ದಿನದಲ್ಲಿ ಕೆಲಸ ಎಂಬ ಮಾತು, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಒಳ್ಳೆಯ ಕಾನೂನು. ಬಹಳ ಜನರಿಗೆ ಉಪಕಾರವಾಗಿದೆ, ನನಗೂ ಆಗಿದೆ. ಜೊತೆಗೆ ತಿಂಗಳು ತಿಂಗಳು ಜಿಲ್ಲೆಗಳಿಗೂ ತಾಲ್ಲೂಕುಗಳಿಗೂ ಶ್ರೇಯಾಂಕ ಕೊಡುವ ಪದ್ಧತಿ ಬಂತು.

ಶ್ರೇಯಾಂಕ ಬಂದ ಮೇಲೆ ಕಚೇರಿಗಳು ಒಂದು ಜಾಣತನ ಕಲಿತವು. ಆಗುವ ಕೆಲಸದ ಅರ್ಜಿಗೆ ಸಕಾಲ ಸಂಖ್ಯೆ ಕೊಡುವುದು, ತಡವಾಗುವ ಅರ್ಜಿಯನ್ನು "ಹಂಗೇ ಕೊಟ್ಟೋಗಿ, ಆಮೇಲೆ ಹತ್ತಿಸ್ತೀವಿ" ಎಂದು ಕೈಗೆ ತೆಗೆದುಕೊಳ್ಳುವುದು. ಸಂಖ್ಯೆ ಇಲ್ಲದ ಅರ್ಜಿ ತಡವಾಗುವುದೇ ಇಲ್ಲ, ಏಕೆಂದರೆ ಅದು ಹುಟ್ಟಿಯೇ ಇಲ್ಲ. ಇನ್ನೊಂದು ದಾರಿ ಗಡುವಿನ ಹಿಂದಿನ ದಿನ ಒಂದು ಹಿಂಬರಹ. ಹಿಂಬರಹ ಎಂದರೆ ಏನೆಂದು ಇಲ್ಲಿರುವ ಹುಡುಗರಿಗೆ ಇನ್ನೂ ಗೊತ್ತಿರಲಾರದು, ಗೊತ್ತಾಗುತ್ತದೆ ಬಿಡಿ.

ನನ್ನದೇ ಒಂದು ಹಿಂಬರಹದ ಕಥೆ ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ನಮ್ಮ ಬೀದಿಯ ದೀಪ ಆರು ತಿಂಗಳು ಉರಿಯಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರು ಲಗತ್ತಿಸಿ, ಮೂರು ವರ್ಷದಲ್ಲಿ ಬೀದಿದೀಪದ ದೂರು ಎಷ್ಟು ಬಂದಿವೆ, ಯಾವ ಯಾವ ದಿನ ಸರಿಮಾಡಿದ್ದೀರಿ ಎಂದು ಕೇಳಿದೆ. ಇಪ್ಪತ್ತೊಂಬತ್ತನೆಯ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರ ಬಂತು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ನನ್ನ ಅರ್ಜಿ ಎರಡು ವಿಷಯ ಕೇಳಿದೆ, ಹಾಗಾಗಿ ಪರಿಗಣಿಸಲು ಅವಕಾಶವಿಲ್ಲ. ಯಾವ ಎರಡು ವಿಷಯ? ದೂರು ಒಂದು, ದುರಸ್ತಿ ಇನ್ನೊಂದು. ಬರೆದವರ ಬುದ್ಧಿಗೆ ನಾನು ಮನಸೋತೆ. ದೂರಿಗೂ ದುರಸ್ತಿಗೂ ಸಂಬಂಧವಿಲ್ಲ ಎಂಬ ಸತ್ಯವನ್ನು ಯಾವ ಸರ್ಕಾರಿ ಪತ್ರವೂ ಅಷ್ಟು ನೇರವಾಗಿ ಒಪ್ಪಿಕೊಂಡದ್ದು ನಾನು ಕಂಡಿಲ್ಲ. ಪತ್ರದ ಕೊನೆಯಲ್ಲಿ "ಹಿಂಬರಹ ನೀಡಿ ಅರ್ಜಿಯನ್ನು ವಿಲೇಗೊಳಿಸಲಾಗಿದೆ" ಎಂದಿತ್ತು. ಮುಂದಿನ ವರ್ಷ ಅದೇ ಕಚೇರಿಯ ತಃಖ್ತೆ ನೋಡಿದೆ. ಬಂದ ಅರ್ಜಿ ಎಷ್ಟೋ ವಿಲೇವಾರಿಯೂ ಅಷ್ಟೇ, ಬಾಕಿ ಸೊನ್ನೆ. ಆ ಪೂರ್ಣಾಂಕದಲ್ಲಿ ನಾನೂ ಒಬ್ಬ. ಲೆಕ್ಕ ಸರಿಯಾಗೇ ಇತ್ತು. ಕೊಳಗ ಅವರದು.

ಕೊಳಗ ಬದಲಿಸಿದರೆ ಏನಾಗುತ್ತದೆಂದು ಶಾಲೆಯವರಿಗೆ ಗೊತ್ತು. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಶೇ 73.40 ಆಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೆಂದು ಯಾರೂ ನಂಬುವುದಿಲ್ಲ.

ಈಗ ಭೂಮಿ ಯೋಜನೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸರ್ಕಾರದ ತೆರೆದತನವನ್ನು ಅಳೆಯುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ, ಮತ್ತು ಇದು ನಮ್ಮದೇ. ಮೊದಲು ಪಹಣಿ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಬಳಿ. ರಾಜ್ಯದಲ್ಲಿ ಸುಮಾರು 9 ಸಾವಿರ ಲೆಕ್ಕಿಗರು, ಅವರ ಕಂಕುಳಲ್ಲಿ ಬಟ್ಟೆ ಸುತ್ತಿದ ಪುಸ್ತಕ. ಅವರು ಊರಿನಲ್ಲಿ ಸಿಗುವುದೇ ಅಪರೂಪ, ಸಿಕ್ಕರೆ ಕೈ ಬೆಚ್ಚಗೆ ಮಾಡಬೇಕು. 2000ದ ಸುಮಾರಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಬಳಕೆದಾರರನ್ನೇ ಕೇಳಿ ಅಳೆಯಿತು. ಹಳೆಯ ಪದ್ಧತಿಯಲ್ಲಿ ಶೇ 66ರಷ್ಟು ಜನ ಲಂಚ ಕೊಟ್ಟೆವು ಅಂದರು, ಭೂಮಿಯಲ್ಲಿ ಶೇ 3. ವಿಶ್ವಬ್ಯಾಂಕು ಮೆಚ್ಚಿತು, ಬೇರೆ ರಾಜ್ಯದವರು ನೋಡಲು ಬಂದರು.

2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಇದೇ ಭೂಮಿಯನ್ನು ಬೇರೆ ಕಡೆಯಿಂದ ಅಳೆದರು. ಅವರು ನೋಡಿದ್ದು ಪಹಣಿ ಪಡೆಯುವ ಕಿಟಕಿಯನ್ನಲ್ಲ. ಜಮೀನು ಕೈ ಬದಲಾಗುವುದನ್ನು, ಅದರಲ್ಲೂ ಬೆಂಗಳೂರಿನ ಸುತ್ತಮುತ್ತ. ಊರಿನಲ್ಲಿ ಹರಡಿಕೊಂಡಿದ್ದ ತಿಳಿವಳಿಕೆಯೆಲ್ಲ ತಾಲ್ಲೂಕು ಕೇಂದ್ರದಲ್ಲಿ ಒಟ್ಟಾದ ಮೇಲೆ, ಯಾವ ಸರ್ವೆ ನಂಬರು ಯಾರದು, ಎಲ್ಲಿ ವ್ಯಾಜ್ಯವಿದೆ, ಎಲ್ಲಿ ದಾಖಲೆ ಸಡಿಲವಿದೆ ಎಂಬುದು ದೊಡ್ಡ ಕುಳಗಳಿಗೆ ಕೂತಲ್ಲೇ ಸಿಕ್ಕಿತು ಎಂದರು. ಲಂಚ ಹೋಗಲಿಲ್ಲ, ಜಾಗ ಬದಲಿಸಿ ದೊಡ್ಡದಾಯಿತು ಎಂದರು. ಸಣ್ಣ ಹಿಡುವಳಿದಾರನಿಗೆ ಊರಿನ ಲೆಕ್ಕಿಗರ ಹತ್ತಿರವಾದರೂ ಮಾತಾಡುವ ಸಲಿಗೆ ಇತ್ತು, ಕಂಪ್ಯೂಟರಿನ ಹತ್ತಿರ ಏನು ಮಾತಾಡುತ್ತಾನೆ?

ಎರಡರಲ್ಲಿ ಯಾವುದು ನಿಜ? ಎರಡೂ ನಿಜ ಎಂಬುದೇ ತೊಂದರೆ. ಪಹಣಿಗೆ ಕ್ಯೂ ನಿಂತವನಿಗೆ ಬಾಗಿಲು ತೆರೆಯಿತು, ಅದೇ ಬಾಗಿಲಿನಿಂದ ಅವನ ಜಮೀನು ನೋಡಲು ಇನ್ನೊಬ್ಬ ಒಳಗೆ ಬಂದ. ಎಷ್ಟು ತೆರೆದಿದೆ ಎಂದು ಕೇಳುವ ಯಾವ ಶ್ರೇಯಾಂಕವೂ ಯಾರಿಗೆ ತೆರೆದಿದೆ ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಬೆಂಜಮಿನ್ನರ ಬರಹವನ್ನು ಹಿಡಿದುಕೊಂಡು ತೆರೆದ ದತ್ತಾಂಶವೇ ಬೇಡ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಬಟ್ಟೆ ಸುತ್ತಿದ ಪುಸ್ತಕದ ಕಾಲ ನಾನು ಕಂಡಿದ್ದೇನೆ. ಅದರ ನೆನಪು ಈಗ ಸಿಹಿಯಾಗಿರುವುದು ಅದು ಹೋದದ್ದರಿಂದ.

ಪಬ್ಲಿಕ್ ಅಫೇರ್ಸ್ ಸೆಂಟರ್ ಹೆಸರು ಬಂತು. ಅದನ್ನು ಕಟ್ಟಿದವರು ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್. 1994ರಲ್ಲಿ ಅವರು ಬೆಂಗಳೂರಿನ ಸೇವಾ ಸಂಸ್ಥೆಗಳಿಗೆ ಒಂದು ರಿಪೋರ್ಟ್ ಕಾರ್ಡ್ ಪ್ರಕಟಿಸಿದರು. ಸರ್ಕಾರ ಶಾಲಾ ಮಕ್ಕಳಿಗೆ ಕೊಡುವುದನ್ನು ಜನ ಸರ್ಕಾರಕ್ಕೆ ಕೊಟ್ಟ ಹಾಗೆ. ನೀರು, ಕರೆಂಟು, ಟೆಲಿಫೋನು, ನಿವೇಶನ ಇವುಗಳ ಕಚೇರಿಗೆ ಹೋದವರನ್ನು ಮನೆಗೇ ಹೋಗಿ ಕೇಳಿದರು. ಎಷ್ಟು ಸಲ ಹೋದಿರಿ? ಸಿಬ್ಬಂದಿ ಹೇಗೆ ಮಾತಾಡಿದರು? ಕೆಲಸ ಆಯಿತೆ? ದುಡ್ಡು ಕೊಟ್ಟಿರಾ, ಎಷ್ಟು? ಕಾನೂನಿನಲ್ಲಿ ಏನಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೊಳಗ ಮೊದಲ ಸಲ ಕೌಂಟರಿನ ಹೊರಗಡೆ ಬಂತು. 1999ರಲ್ಲಿ, 2003ರಲ್ಲಿ ಮತ್ತೆ ಅಳೆದರು. ಆ ಪದ್ಧತಿ ಬೇರೆ ದೇಶಗಳಿಗೂ ಹೋಯಿತು. ಬೆಂಗಳೂರು ಪ್ರಪಂಚಕ್ಕೆ ಕೊಟ್ಟದ್ದು ಸಾಫ್ಟ್‌ವೇರ್ ಒಂದೇ ಅಲ್ಲ ಎಂದು ಹೇಳುವವರು ಯಾಕೋ ಇದನ್ನು ಮರೆಯುತ್ತಾರೆ.

ಹೊರಗಿನ ಕೊಳಗಕ್ಕೆ ದೋಷವಿಲ್ಲವೆಂದಲ್ಲ. ಕಚೇರಿಗೆ ಹೋದವನನ್ನು ಕೇಳಬಹುದು, ಹೋಗಿ ಪ್ರಯೋಜನವಿಲ್ಲವೆಂದು ಮನೆಯಲ್ಲೇ ಕೂತವನು ಆ ಲೆಕ್ಕಕ್ಕೆ ಬರುವುದಿಲ್ಲ. ಏನೂ ಸಿಗದೆ ಅಭ್ಯಾಸವಾದವರು ನಾಲ್ಕಾಣೆ ಸಿಕ್ಕರೂ ತೃಪ್ತಿ ಎನ್ನುತ್ತಾರೆ. ಯಾರನ್ನು ಕೇಳಿದರು ಎಂಬುದೂ ಇದೆ. ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ 2015ರಲ್ಲಿ ತೆರೆದ ಸರ್ಕಾರಗಳ ಪಟ್ಟಿ ತಂದಾಗ 102 ದೇಶಗಳಲ್ಲಿ ಭಾರತ 37ನೆಯದು, ಸ್ವೀಡನ್ ಮೊದಲನೆಯದು. ಜನರನ್ನೇ ಕೇಳಿ ಮಾಡಿದ ಪಟ್ಟಿ, ಜೊತೆಗೆ ತಜ್ಞರನ್ನೂ. ಆದರೆ ಕೇಳಿದ್ದು ಒಂದೊಂದು ದೇಶದ ಮೂರು ದೊಡ್ಡ ನಗರಗಳಲ್ಲಿ. ಪಂಚಾಯಿತಿ ಕಚೇರಿಯ ಮೆಟ್ಟಿಲನ್ನು ಆ ಅಳತೆ ಕಂಡಿಲ್ಲ.

ಹೀಗಿದ್ದೂ ಸರ್ಕಾರಗಳಿಗೆ ಯಾವ ಅಳತೆ ಇಷ್ಟ, ಯಾವುದು ಕಷ್ಟ ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ. 2011ರಲ್ಲಿ 'ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್' ಎಂಬ ಕೂಟ ಕಟ್ಟುವ ಮಾತುಕತೆಯಲ್ಲಿ ಭಾರತವೂ ಇತ್ತು. ಸದಸ್ಯ ದೇಶ ತಾನು ಕೊಟ್ಟ ಮಾತು ನಡೆಸಿತೋ ಇಲ್ಲವೋ ಎಂದು ಸ್ವತಂತ್ರರು ಪರಿಶೀಲಿಸಿ ವರದಿ ಬರೆಯುವುದು ಅದರ ಏರ್ಪಾಡು. ಭಾರತ ಹಿಂದೆ ಸರಿಯಿತು. ಆ ಪರಿಶೀಲನೆಯೇ ಅಡ್ಡಿಯಾಯಿತೆಂದು ಆಗ ವರದಿಯಾಗಿತ್ತು. ಸೆಪ್ಟೆಂಬರ್ 20ರಂದು ಬ್ರೆಜಿಲ್, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ ಸೇರಿ ಎಂಟು ದೇಶ ಕೂಟ ಶುರು ಮಾಡಿದಾಗ ನಾವು ಹೊರಗಿದ್ದೆವು. ಆಮೇಲೆ ಎಂಟನೆಯ ದಿನಕ್ಕೆ, ನಾನು ಮೊದಲು ಹೇಳಿದ ಆ ಕಾನೂನುಗಳ ಪಟ್ಟಿ ಬಂದು, ನಾವು ಮೊದಲ ಮೂರರೊಳಗೆ ನಿಂತೆವು.

ಕೊನೆಗೆ ನಮ್ಮೂರಿನದೊಂದು. ನಮ್ಮ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಜಮಾಬಂದಿ ಎಂಬುದಿದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಹಿಂದಿನ ವರ್ಷದ ಲೆಕ್ಕಪತ್ರವನ್ನು ಜನರೆದುರಿಗೆ ಇಟ್ಟು, ಕಾಮಗಾರಿ ತೋರಿಸಬೇಕು. ಬಹಳ ಕಡೆ ನಾಲ್ಕು ಸಹಿ, ಎರಡು ಫೋಟೊ, ಒಂದು ಪ್ಲೇಟು ಉಪ್ಪಿಟ್ಟಿನಲ್ಲಿ ಮುಗಿಯುತ್ತದೆ, ಅದನ್ನು ಮುಚ್ಚಿಡುವುದೇನಿಲ್ಲ. ಒಂದು ವರ್ಷ ನಾನು ಊರಿನಲ್ಲಿದ್ದಾಗ ಹೋಗಿ ಕೂತೆ. ಮೂವತ್ತು ಜನವೂ ಇರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಬಾಯಿಪಾಠದ ಹಾಗೆ ಓದುತ್ತಿದ್ದರು. ಚರಂಡಿ ಹೂಳು ತೆಗೆದದ್ದು, ಇಷ್ಟು. ಬ್ಲೀಚಿಂಗ್ ಪೌಡರು, ಇಷ್ಟು. ಕುಡಿಯುವ ನೀರಿನ ಮೋಟಾರು ದುರಸ್ತಿ, ಇಷ್ಟು.

ಹಿಂದಿನಿಂದ ಒಬ್ಬ ಹೆಂಗಸು, ಕುಕ್ಕರಗಾಲಿನಲ್ಲಿ ಕೂತಿದ್ದವಳು, "ಯಾವ ಮೋಟ್ರು?" ಅಂದಳು.

ಪಿಡಿಒ ಪುಟ ಹಿಂದಕ್ಕೆ ತಿರುಗಿಸಿದರು. "ಶಾಲೆ ಹಿಂದಿನದು."

"ಅದು ಸುಟ್ಟು ಎರಡು ವರ್ಷ ಆಯ್ತಲ್ಲ. ವೈರೂ ಕಿತ್ಕೊಂಡು ಹೋಗವ್ರೆ."

ಯಾರೋ ನಕ್ಕರು. ಜಮಾಬಂದಿ ನಡೆಸಲು ಬಂದಿದ್ದ ನೋಡಲ್ ಅಧಿಕಾರಿ ಪೆನ್ನಿನ ಕ್ಯಾಪು ಹಾಕಿದರು, ಮತ್ತೆ ತೆಗೆದರು. ಆಮೇಲೆ ಎದ್ದು, "ನಡೀರಿ, ನೋಡೇ ಬಿಡೋಣ" ಅಂದರು. ಅವಳು ಮುಂದೆ, ಅವಳ ಹಿಂದೆ ನಗದು ಪುಸ್ತಕ ಹಿಡಿದ ಬಿಲ್ ಕಲೆಕ್ಟರು, ಆಮೇಲೆ ನಾವೆಲ್ಲ ಶಾಲೆಯ ಹಿಂದಕ್ಕೆ ಹೋದೆವು. ಮೋಟಾರು ಮನೆಗೆ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರ ಇದೆ ಎಂದು ಪತ್ತೆ ಹಚ್ಚುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಆ ಬಾಗಿಲ ಮುಂದಿನಿಂದ ಕದಲಲಿಲ್ಲ.